ಹೊಸ ಚಿತ್ರ ನೋಡಿ ಬಂದವರು ಅಭಿಪ್ರಾಯ ಬರೆಯುವ ಬಗೆ

ಹೊಸ ಚಲನಚಿತ್ರವೊಂದು ತೆರೆಕಂಡ ದಿನ ಸಂಜೆಯೊಳಗೆ ಅದರ ಬಗ್ಗೆ ನೂರಾರು ಅಭಿಪ್ರಾಯಗಳು ಹೊರಬಿದ್ದಿರುತ್ತವೆ. ‘ಅದ್ಭುತ’, ‘ಬೋರು’, ‘ಒಮ್ಮೆ ನೋಡಬಹುದು’, ‘ಮೊದಲರ್ಧ ಚೆನ್ನಾಗಿದೆ, ಆಮೇಲೆ ಎಳೆದಿದ್ದಾರೆ’ ಎಂಬಂಥ ಮಾತುಗಳಲ್ಲೇ ಅವುಗಳಲ್ಲಿ ಹೆಚ್ಚಿನವು ಮುಗಿದುಹೋಗುತ್ತವೆ. ಬರೆದವರಿಗೆ ನಿಜವಾಗಿಯೂ ಹಾಗೆ ಅನಿಸಿರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಚಿತ್ರವನ್ನು ಇನ್ನೂ ನೋಡದ ಓದುಗನಿಗೆ ಆ ಮಾತುಗಳಿಂದ ಏನೂ ತಿಳಿಯುವುದಿಲ್ಲ. ಏಕೆಂದರೆ ನಿಮಗೆ ಬೋರಾದದ್ದು ಅವನಿಗೆ ಇಷ್ಟವಾಗುವಂಥದ್ದೇ ಆಗಿರಬಹುದು. ತೆರೆಯ ಮೇಲಿನ ಯಾವ ಸಂಗತಿ ನಿಮ್ಮಲ್ಲಿ ಆ ಅನಿಸಿಕೆಯನ್ನು ಹುಟ್ಟಿಸಿತು ಎಂದು ತೋರಿಸಿದಾಗ ಮಾತ್ರ, ನಿಮ್ಮ ಜೊತೆ ಒಪ್ಪುವುದಕ್ಕಾಗಲಿ ಜಗಳವಾಡುವುದಕ್ಕಾಗಲಿ ಅವನಿಗೆ ಒಂದು ನೆಲೆ ಸಿಗುತ್ತದೆ. ಸಾಮಾನ್ಯ ಪ್ರೇಕ್ಷಕರಾಗಿದ್ದುಕೊಂಡೇ, ಸಿನಿಮಾ ಶಾಲೆಯ ಮೆಟ್ಟಿಲು ಹತ್ತದೆಯೇ, ಅಂಥ ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ನೋಡುವುದಕ್ಕೆ ಮೊದಲು

ಹೊಸ ಚಿತ್ರದ ಮಟ್ಟಿಗೆ ಇರುವ ದೊಡ್ಡ ತೊಡಕೆಂದರೆ, ನಾವು ಅದನ್ನು ನೋಡುವ ಮೊದಲೇ ಅದರ ಬಗ್ಗೆ ಬಹಳಷ್ಟನ್ನು ಕೇಳಿರುತ್ತೇವೆ. ಟೀಸರ್, ಟ್ರೇಲರ್, ಹಾಡುಗಳು, ಸಂದರ್ಶನಗಳು ಇವೆಲ್ಲ ಸೇರಿ ನಮ್ಮ ತಲೆಯೊಳಗೆ ಒಂದು ಚಿತ್ರವನ್ನು ಆಗಲೇ ಕಟ್ಟಿಬಿಟ್ಟಿರುತ್ತವೆ. ಟ್ರೇಲರನ್ನು ಸಿದ್ಧಪಡಿಸುವವರು ಅನೇಕ ವೇಳೆ ಚಿತ್ರದ ಸಂಕಲನಕಾರರಲ್ಲ. ಆ ಕೆಲಸಕ್ಕೆಂದೇ ಬೇರೆ ಸಂಸ್ಥೆಗಳಿವೆ, ಮತ್ತು ಅವರ ಗುರಿ ಜನರನ್ನು ಕುರ್ಚಿಯವರೆಗೆ ಕರೆತರುವುದಷ್ಟೇ. ನಿಧಾನಗತಿಯ ಕೌಟುಂಬಿಕ ಚಿತ್ರವೊಂದನ್ನು ಟ್ರೇಲರಿನಲ್ಲಿ ರೋಚಕ ಚಿತ್ರದಂತೆ ತೋರಿಸಿದ್ದರೆ ಆ ತಪ್ಪು ಪ್ರಚಾರದವರದು. ಆದ್ದರಿಂದ ಒಳಗೆ ಹೋಗುವ ಮೊದಲು, ಈ ಚಿತ್ರದಿಂದ ನೀವು ಏನನ್ನು ನಿರೀಕ್ಷಿಸುತ್ತಿದ್ದೀರಿ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿಟ್ಟುಕೊಳ್ಳಿ. ನೋಡಿ ಬಂದ ಮೇಲೆ ನಿಮ್ಮ ಅಸಮಾಧಾನಕ್ಕೆ ಚಿತ್ರ ಕಾರಣವೋ ಆ ನಿರೀಕ್ಷೆ ಕಾರಣವೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ.

ಇತರರ ವಿಮರ್ಶೆಗಳನ್ನು ಮೊದಲೇ ಓದಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಒಬ್ಬ ಒಳ್ಳೆಯ ವಿಮರ್ಶಕರು ‘ಎರಡನೆಯ ಭಾಗದಲ್ಲಿ ಬಿಗಿ ತಪ್ಪಿದೆ’ ಎಂದು ಬರೆದಿದ್ದನ್ನು ಓದಿಕೊಂಡು ಹೋದವನು ಎರಡನೆಯ ಭಾಗವನ್ನು ನೋಡುವುದೇ ಇಲ್ಲ, ಬಿಗಿ ಎಲ್ಲಿ ತಪ್ಪುತ್ತದೆಂದು ಕಾಯುತ್ತಾನೆ. ಓದುವುದಾದರೆ ನಿಮ್ಮ ಬರಹ ಮುಗಿದ ಮೇಲೆ ಓದಿ. ಆಗ ಅವರು ಕಂಡದ್ದೂ ನೀವು ಕಂಡದ್ದೂ ಎಲ್ಲಿ ಬೇರೆಯಾಗುತ್ತವೆ ಎಂಬುದು ಗೊತ್ತಾಗುತ್ತದೆ, ಮತ್ತು ಆ ಓದು ನಿಜವಾದ ಕಲಿಕೆಯಾಗುತ್ತದೆ.

ಅಂಕಿಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸಲು 1998ರಲ್ಲಿ ಆರಂಭವಾದ ರಾಟನ್ ಟೊಮ್ಯಾಟೋಸ್ ಎಂಬ ಅಂತರ್ಜಾಲ ತಾಣದಲ್ಲಿ ಒಂದು ಚಿತ್ರಕ್ಕೆ ಶೇಕಡ 90 ಎಂದು ಕಂಡರೆ, ಅದು ನೂರಕ್ಕೆ ತೊಂಬತ್ತು ಅಂಕ ಪಡೆದ ಚಿತ್ರವೆಂದು ಬಹಳ ಜನ ತಿಳಿಯುತ್ತಾರೆ. ವಾಸ್ತವದಲ್ಲಿ ಅದರ ಅರ್ಥ, ಹತ್ತು ವಿಮರ್ಶೆಗಳಲ್ಲಿ ಒಂಬತ್ತು ಒಟ್ಟಾರೆ ಅನುಕೂಲಕರವಾಗಿವೆ ಎಂಬುದಷ್ಟೇ. ಎಲ್ಲರಿಗೂ ‘ಪರವಾಗಿಲ್ಲ’ ಅನಿಸಿದ ಸಾಧಾರಣ ಚಿತ್ರವೊಂದು ಈ ಲೆಕ್ಕದಲ್ಲಿ ನೂರಕ್ಕೆ ನೂರು ಪಡೆಯಬಹುದು. ಅರ್ಧದಷ್ಟು ಜನ ಹುಚ್ಚರಂತೆ ಮೆಚ್ಚಿ ಇನ್ನರ್ಧ ಜನ ಸಿಡುಕಿದ ಸಾಹಸಿ ಚಿತ್ರವೊಂದು ಐವತ್ತರಲ್ಲೇ ನಿಲ್ಲಬಹುದು. ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ಇದಕ್ಕೆ ಬದಲಾಗಿ ವಿಮರ್ಶೆಗಳಿಗೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತದೆ, ಅದರಲ್ಲೂ ಕೆಲವು ಪತ್ರಿಕೆಗಳ ಮಾತಿಗೆ ಹೆಚ್ಚಿನ ತೂಕವಿದೆ. ಸಿನಿಮಾಸ್ಕೋರ್ ಸಂಸ್ಥೆಯು ಮೊದಲ ದಿನದ ಪ್ರೇಕ್ಷಕರನ್ನೇ ಕೇಳಿ ಶ್ರೇಣಿ ಕೊಡುತ್ತದೆ. ಮೊದಲ ದಿನವೇ ಬಂದವರು ಆ ಚಿತ್ರವನ್ನು ಮೆಚ್ಚಬೇಕೆಂಬ ಮನಸ್ಸಿನಿಂದಲೇ ಬಂದಿರುವುದರಿಂದ ಅಲ್ಲಿ ಶ್ರೇಣಿಗಳು ಸಾಮಾನ್ಯವಾಗಿ ಮೇಲಕ್ಕೇ ಇರುತ್ತವೆ. ಈ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಅವುಗಳಲ್ಲಿ ಯಾವುದೂ ನಿಮ್ಮ ಪ್ರಶ್ನೆಯನ್ನು ಕೇಳಿರುವುದಿಲ್ಲ.

ಕತ್ತಲೆಯಲ್ಲಿ ಕುಳಿತಾಗ

ಸೆಕೆಂಡಿಗೆ 24 ಚೌಕಟ್ಟುಗಳಂತೆ (ಫ್ರೇಮುಗಳಂತೆ) ಓಡುವ ಎರಡು ಗಂಟೆಯ ಚಿತ್ರದಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಅಷ್ಟರಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದು ಬೆರಳೆಣಿಕೆಯ ಬಿಂಬಗಳು ಮಾತ್ರ. ಆದಕಾರಣ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲು ಕೈಯಲ್ಲಿದ್ದರೆ ಒಳ್ಳೆಯದು. ಫೋನಿನಲ್ಲಿ ಬರೆದುಕೊಳ್ಳಬೇಡಿ, ಆ ಬೆಳಕು ಹಿಂದಿನ ಸಾಲಿನವರ ಕಣ್ಣಿಗೆ ಚುಚ್ಚುತ್ತದೆ, ನಿಮ್ಮ ಕಣ್ಣೂ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು. ಬರೆದುಕೊಳ್ಳುವಾಗ ತೀರ್ಪುಗಳನ್ನು ಬರೆಯದೆ ಕಂಡದ್ದನ್ನು ಬರೆಯಿರಿ. ‘ಸೂಪರ್ ದೃಶ್ಯ’ ಎಂಬ ಟಿಪ್ಪಣಿ ಮರುದಿನ ಯಾವ ಉಪಯೋಗಕ್ಕೂ ಬರುವುದಿಲ್ಲ; ‘ಬಾಗಿಲ ಚಿಲಕ, ಎರಡನೇ ಸಲ’ ಎಂಬ ಮೂರು ನಾಲ್ಕು ಪದಗಳು ಇಡೀ ದೃಶ್ಯವನ್ನು ಎಳೆದು ತರುತ್ತವೆ. ಟಿಪ್ಪಣಿ ಮಾಡುವುದರಿಂದ ಚಿತ್ರದೊಳಗಿನ ನಿಮ್ಮ ತನ್ಮಯತೆ ಕೆಡುತ್ತದೆ ಅನಿಸಿದರೆ ಅದನ್ನು ಪೂರ್ತಿ ಬಿಟ್ಟುಬಿಡಿ. ತನ್ಮಯತೆಯೇ ಮುಖ್ಯ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ತೆರೆಯ ಮೇಲೆ ಕಾಣುವ ದೋಷಗಳೆಲ್ಲ ಚಿತ್ರದವಲ್ಲ. ಪ್ರದರ್ಶನದ ದೋಷಗಳೂ ಅವುಗಳಲ್ಲಿ ಸೇರಿರುತ್ತವೆ, ಮತ್ತು ಅವುಗಳನ್ನು ಬೇರ್ಪಡಿಸದೆ ಬರೆದ ಅಭಿಪ್ರಾಯದಿಂದ ಛಾಯಾಗ್ರಾಹಕರಿಗೂ ಧ್ವನಿ ವಿನ್ಯಾಸಕರಿಗೂ ಅನ್ಯಾಯವಾಗುತ್ತದೆ. ಚಿತ್ರಮಂದಿರದ ತೆರೆಯ ಪ್ರಕಾಶಕ್ಕೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ: ಸಾಮಾನ್ಯ ಎರಡು ಆಯಾಮದ ಚಿತ್ರಕ್ಕೆ ತೆರೆಯ ನಡುಭಾಗದಲ್ಲಿ 14 ಫುಟ್-ಲ್ಯಾಂಬರ್ಟ್, ಅಂದರೆ ಸುಮಾರು 48 ನಿಟ್ಸ್ (ಎರಡೂ ಪ್ರಕಾಶವನ್ನು ಅಳೆಯುವ ಮಾನಗಳು). ಛಾಯಾಗ್ರಾಹಕರೂ ವರ್ಣ ಹೊಂದಾಣಿಕೆ ಮಾಡುವವರೂ ಆ ಪ್ರಕಾಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರತಿಯೊಂದು ನೆರಳನ್ನೂ ಅಳೆದಿರುತ್ತಾರೆ. ಪ್ರೊಜೆಕ್ಟರಿನ ದೀಪ ಹಳೆಯದಾಗಿದ್ದರೆ, ಅಥವಾ ತ್ರೀಡಿ ಚಿತ್ರಕ್ಕೆಂದು ಅಳವಡಿಸಿದ ಸಾಧನವನ್ನು ತೆಗೆಯದೆಯೇ ಸಾಮಾನ್ಯ ಚಿತ್ರವನ್ನು ಓಡಿಸಿದರೆ, ತೆರೆಗೆ ತಲುಪುವ ಬೆಳಕು ಬಹಳಷ್ಟು ಕುಗ್ಗುತ್ತದೆ. ಆಗ ರಾತ್ರಿಯ ದೃಶ್ಯಗಳು ಕಪ್ಪು ಗೋಡೆಯಂತಾಗುತ್ತವೆ, ಮತ್ತು ‘ಏನೂ ಕಾಣಿಸುವುದಿಲ್ಲ, ಕಳಪೆ ಛಾಯಾಗ್ರಹಣ’ ಎಂಬ ಮಾತು ಹುಟ್ಟುತ್ತದೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಚಿತ್ರಕ್ಕೆ ಮೊದಲು ತೋರಿಸಿದ ಜಾಹೀರಾತುಗಳೂ ಇತರ ಟ್ರೇಲರುಗಳೂ ಮಂಕಾಗಿದ್ದವೇ ಎಂದು ನೆನಪಿಸಿಕೊಳ್ಳಿ. ಅವೂ ಮಂಕಾಗಿದ್ದರೆ ದೋಷ ಮಂದಿರದ್ದು. ಹಗಲಿನ ಹೊರಾಂಗಣ ದೃಶ್ಯದಲ್ಲಿ ಬಿಳಿ ಅಂಗಿ ಬೆಳ್ಳಗೆ ಕಾಣದೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅದೂ ಅದೇ ಸೂಚನೆ. ಚಿತ್ರದ ಅಂಚಿನಲ್ಲಿ ನಿಂತವರ ತಲೆ ಕತ್ತರಿಸಿದಂತಿದ್ದರೆ ಅಥವಾ ಅಡಿಬರಹದ ಕೆಳಸಾಲು ತೆರೆಯಿಂದ ಹೊರಗೆ ಹೋಗಿದ್ದರೆ, ಚಿತ್ರದ ಅಗಲ ಅದರ ಎತ್ತರದ ಎಷ್ಟು ಪಟ್ಟು ಎಂದು ಹೇಳುವ 1.85 ಮತ್ತು 2.39 ಎಂಬ ಎರಡು ಪ್ರಚಲಿತ ಅಳತೆಗಳ ನಡುವೆ ಎಲ್ಲೋ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬಹುದು. ಸಂಭಾಷಣೆಯ ಬಗ್ಗೆಯೂ ಇದೇ ಮಾತು. ಮಾತುಗಳು ಸಾಮಾನ್ಯವಾಗಿ ತೆರೆಯ ಹಿಂದಿರುವ ನಡುವಿನ ಸ್ಪೀಕರಿನಿಂದ ಬರುತ್ತವೆ. ಆ ಸ್ಪೀಕರು ಸರಿಯಿಲ್ಲದಿದ್ದರೆ ಇಡೀ ಚಿತ್ರದಲ್ಲಿ ಎಲ್ಲರ ಮಾತೂ ಮಂದವಾಗಿರುತ್ತದೆ, ಸಂಗೀತ ಮಾತ್ರ ಸುತ್ತಲೂ ಅಬ್ಬರಿಸುತ್ತದೆ. ಅದೇ, ಒಂದು ದೃಶ್ಯದಲ್ಲಿ ಮಾತು ಸ್ಪಷ್ಟವಾಗಿದ್ದು ಇನ್ನೊಂದರಲ್ಲಿ ಮಾತ್ರ ಸಂಗೀತದಡಿ ಮುಳುಗಿದ್ದರೆ, ಅದು ಧ್ವನಿ ಮಿಶ್ರಣ ಮಾಡಿದವರ ಆಯ್ಕೆ ಅಥವಾ ಲೋಪ. ಅದನ್ನು ನೀವು ಧೈರ್ಯವಾಗಿ ಬರೆಯಬಹುದು.

ಮನೆಯ ಟೀವಿಯಲ್ಲಿ ಹೊಸ ಚಿತ್ರ ನೋಡುವವರು ಮೊದಲು ಮಾಡಬೇಕಾದ ಕೆಲಸವೆಂದರೆ ‘ಮೋಷನ್ ಸ್ಮೂತಿಂಗ್’ ಎಂಬ ಸೌಲಭ್ಯವನ್ನು ನಿಲ್ಲಿಸಿಬಿಡುವುದು. ಟೀವಿಯು ತಾನೇ ನಡುನಡುವೆ ಹೊಸ ಚೌಕಟ್ಟುಗಳನ್ನು ಸೃಷ್ಟಿಸಿ ಸೇರಿಸುವುದರಿಂದ ದುಬಾರಿ ಚಿತ್ರವೂ ಧಾರಾವಾಹಿಯಂತೆ ಕಾಣತೊಡಗುತ್ತದೆ. ಈ ಬಗೆಯ ಸಂಸ್ಕರಣೆಗಳನ್ನು ಒಂದೇ ಗುಂಡಿಯಲ್ಲಿ ನಿಲ್ಲಿಸಲೆಂದೇ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ವ್ಯವಸ್ಥೆ ಬಂದಿದೆ. ನಿಮ್ಮ ಟೀವಿಯಲ್ಲಿ ಅದಿದ್ದರೆ ಬಳಸಿ. ಫೋನಿನ ತೆರೆಯಲ್ಲಿ ನೋಡಿದ್ದರೆ ಛಾಯಾಗ್ರಹಣದ ಬಗ್ಗೆಯೂ ಧ್ವನಿಯ ಬಗ್ಗೆಯೂ ತೀರ್ಪು ಕೊಡದಿರುವುದೇ ನ್ಯಾಯ.

ಹೊರಬಂದ ಮೇಲೆ

ದೀಪ ಹತ್ತಿದ ತಕ್ಷಣ ಹುಟ್ಟುವ ಅನಿಸಿಕೆಗೆ ಬೆಲೆಯಿದೆ, ಆದರೆ ಅದು ಇಡೀ ಚಿತ್ರದ ಬಗೆಗಿನ ಅನಿಸಿಕೆ ಆಗಿರುವುದಿಲ್ಲ. ಮನೋವಿಜ್ಞಾನಿಗಳಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾನೆಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರಿಗೆ ಚಿಕ್ಕ ಚಿಕ್ಕ ಚಿತ್ರತುಣುಕುಗಳನ್ನು ತೋರಿಸಿದ್ದರು. ನೋಡಿದವರು ಆಮೇಲೆ ಅನುಭವವನ್ನು ಒಟ್ಟಾಗಿ ಅಳೆಯುವಾಗ ಅದು ಎಷ್ಟು ಹೊತ್ತು ನಡೆಯಿತೆಂಬುದಕ್ಕೆ ಹೆಚ್ಚು ಬೆಲೆ ಕೊಡದೆ, ಅದರ ಅತಿ ತೀವ್ರ ಕ್ಷಣವನ್ನೂ ಕೊನೆಯನ್ನೂ ಆಧರಿಸಿದ್ದರೆಂದು ಅಲ್ಲಿ ಕಂಡುಬಂತು. ಚಿತ್ರ ತಯಾರಕರಿಗೆ ಇದು ಅನುಭವದಿಂದಲೇ ಗೊತ್ತು. ಕೊನೆಯ ಇಪ್ಪತ್ತು ನಿಮಿಷ ಕಣ್ಣೀರು ತರಿಸಿದರೆ ಅದಕ್ಕೆ ಮೊದಲಿನ ಎರಡು ಗಂಟೆಯ ಸೋಮಾರಿತನವನ್ನು ಪ್ರೇಕ್ಷಕ ಕ್ಷಮಿಸುತ್ತಾನೆ. ಕೊನೆ ಕೆಟ್ಟರೆ ಅದುವರೆಗಿನ ಒಳ್ಳೆಯದನ್ನೆಲ್ಲ ಮರೆಯುತ್ತಾನೆ. ಹೀಗಾಗಿ ಬರೆಯಲು ಕುಳಿತಾಗ ಮೊದಲು ಚಿತ್ರದ ಆರಂಭದ ಹತ್ತು ನಿಮಿಷವನ್ನು, ಆಮೇಲೆ ಅದರ ಮಧ್ಯಭಾಗವನ್ನು ಬೇಕೆಂದೇ ನೆನಪಿಸಿಕೊಳ್ಳಿ. ಮಧ್ಯಭಾಗದ ಒಂದು ದೃಶ್ಯವೂ ನೆನಪಿಗೆ ಬರುತ್ತಿಲ್ಲ ಎಂದಾದರೆ, ಆ ಮರೆವೇ ಚಿತ್ರದ ಬಗ್ಗೆ ನಿಮಗೆ ಏನನ್ನೋ ಹೇಳುತ್ತಿದೆ.

ಒಂದು ರಾತ್ರಿ ಕಳೆದ ಮೇಲೆ ಬರೆಯುವುದು ಅತ್ಯುತ್ತಮ. ಜೊತೆಗೆ ಬಂದವರೊಂದಿಗೆ ಮಾತಾಡಬೇಕೆಂಬ ಆಸೆಯನ್ನು ಹತ್ತಿಕ್ಕುವುದು ಕಷ್ಟ, ಹತ್ತಿಕ್ಕಬೇಕಾಗಿಯೂ ಇಲ್ಲ. ಆದರೆ ಅವರ ಮಾತು ಕಿವಿಗೆ ಬೀಳುವ ಮುನ್ನ ನಿಮ್ಮ ಟಿಪ್ಪಣಿಯ ಕೆಳಗೆ ನಿಮ್ಮದೇ ಎರಡು ಸಾಲು ಇರಲಿ.

ನಟನೆಯನ್ನು ಅಳೆಯುವುದು

ಚಿತ್ರದ ಬಗ್ಗೆ ಮಾತಾಡುವವರೆಲ್ಲ ಮೊದಲು ಎತ್ತಿಕೊಳ್ಳುವುದು ನಟನೆಯನ್ನು. ಅಳೆಯಲು ಅತಿ ಕಷ್ಟವಾದದ್ದೂ ಅದೇ. ಸುಮಾರು ನೂರು ವರ್ಷಗಳ ಹಿಂದೆ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವರಹಿತ ಮುಖದ ಒಂದೇ ತುಣುಕನ್ನು ಬೇರೆ ಬೇರೆ ಬಿಂಬಗಳ ಪಕ್ಕದಲ್ಲಿ ಜೋಡಿಸಿ ತೋರಿಸಿದರು: ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ನಟ ಚಿಂತೆಯನ್ನೂ ದುಃಖವನ್ನೂ ಎಷ್ಟು ಸೂಕ್ಷ್ಮವಾಗಿ ಅಭಿನಯಿಸಿದ್ದಾನೆಂದು ಪ್ರೇಕ್ಷಕರು ಹೊಗಳಿದರೆಂದು ಅವರ ಶಿಷ್ಯ ಪುಡೋವ್‌ಕಿನ್ ದಾಖಲಿಸಿದ್ದಾರೆ. ನಟ ಏನನ್ನೂ ಮಾಡಿರಲಿಲ್ಲ. ಭಾವ ಹುಟ್ಟಿದ್ದು ಸಂಕಲನದಲ್ಲಿ. ಇಂದಿನ ಯಾವುದೇ ಚಿತ್ರದಲ್ಲಿ ನಾಯಕ ಕಣ್ಣೆತ್ತಿ ನೋಡಿದ ಕೂಡಲೇ ಹಿನ್ನೆಲೆ ಸಂಗೀತ ಉಬ್ಬಿ, ಚಿತ್ರಣ ನಿಧಾನಗೊಂಡು, ಸುತ್ತಲಿನವರು ಬೆರಗಾಗಿ ನೋಡಿದಾಗ, ನಾವು ಅದನ್ನೆಲ್ಲ ಒಟ್ಟುಗೂಡಿಸಿ ‘ಎಂಥ ನಟನೆ’ ಎನ್ನುತ್ತೇವೆ. ಅದರಲ್ಲಿ ನಟನ ಪಾಲೆಷ್ಟು ಎಂದು ತಿಳಿಯಲು ಬೇರೆ ಕಡೆಗೆ ನೋಡಬೇಕು.

ನಟನೊಬ್ಬನು ಮಾತಾಡುವಾಗ ಏನು ಮಾಡುತ್ತಾನೆ ಎಂಬುದಕ್ಕಿಂತ, ಎದುರಿಗಿರುವವರು ಮಾತಾಡುವಾಗ ಅವನು ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದನ್ನು ಗಮನಿಸಿ. ತನ್ನ ಸರದಿಗಾಗಿ ಕಾಯುತ್ತಿರುವ ನಟನಿಗೂ ನಿಜವಾಗಿ ಕೇಳುತ್ತಿರುವ ನಟನಿಗೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಕತ್ತರಿ ಬೀಳದ ದೀರ್ಘ ದೃಶ್ಯಗಳಲ್ಲಿ, ಸಂಗೀತವಿಲ್ಲದ ಕ್ಷಣಗಳಲ್ಲಿ, ಕೈಗಳಲ್ಲಿ, ನಡಿಗೆಯಲ್ಲಿ ನಟನೆ ಬೆತ್ತಲಾಗಿ ಸಿಗುತ್ತದೆ. ಪಾತ್ರದ ಮೊದಲ ದೃಶ್ಯವನ್ನೂ ಕೊನೆಯ ದೃಶ್ಯವನ್ನೂ ಅಕ್ಕಪಕ್ಕದಲ್ಲಿಟ್ಟು, ಆ ಮನುಷ್ಯ ಬದಲಾಗಿರುವುದು ಬರೀ ವೇಷದಲ್ಲೋ ಅಥವಾ ಕೂರುವ ಭಂಗಿಯಲ್ಲಿಯೂ ಮಾತಿನ ಲಯದಲ್ಲಿಯೂ ಹೌದೋ ಎಂದು ನೋಡಿ. ಚಿಕ್ಕ ಪಾತ್ರಗಳನ್ನು ಮರೆಯಬೇಡಿ. ಐದೇ ನಿಮಿಷ ಬಂದು ಹೋಗುವ ಕಾವಲುಗಾರನ ಪಾತ್ರಕ್ಕೂ ಒಂದು ಬದುಕಿದೆ ಎಂದು ಅನಿಸಿದ್ದರೆ, ಆ ಚಿತ್ರದ ನಿರ್ದೇಶಕರ ಬಗ್ಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಇರಲಾರದು. ಮತ್ತು ನೀವು ನೋಡಿದ್ದು ಡಬ್ ಆದ ಆವೃತ್ತಿಯಾಗಿದ್ದರೆ ಅದನ್ನು ಬರಹದಲ್ಲಿ ತಪ್ಪದೆ ಹೇಳಿ, ಏಕೆಂದರೆ ಆಗ ಒಬ್ಬರ ಮುಖದ ಜೊತೆ ಇನ್ನೊಬ್ಬರ ಕಂಠವನ್ನು ನೀವು ಅಳೆಯುತ್ತಿರುತ್ತೀರಿ.

ಕಥೆ, ಚಿತ್ರಕಥೆ ಮತ್ತು ‘ಎಳೆದಿದ್ದಾರೆ’ ಎಂಬ ದೂರು

ವಿಷಯ ಒಳ್ಳೆಯದಾದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಅನ್ಯಾಯದ ವಿರುದ್ಧದ ಹೋರಾಟವನ್ನೋ ತ್ಯಾಗವನ್ನೋ ಕುರಿತ ಚಿತ್ರವನ್ನು ಟೀಕಿಸಿದರೆ ಆ ಆದರ್ಶವನ್ನೇ ಟೀಕಿಸಿದಂತಾಗುತ್ತದೆಂಬ ಅಳುಕು ಅನೇಕರಿಗಿದೆ. ಆ ಅಳುಕನ್ನು ಬಿಡಬೇಕು. ಕಥೆಯನ್ನು ಎರಡು ಸಾಲುಗಳಲ್ಲಿ ಹೇಳಿ ಮುಗಿಸಿ, ಉಳಿದ ಜಾಗವನ್ನು ಅದನ್ನು ಹೇಳಿದ ರೀತಿಗೆ ಮೀಸಲಿಡಿ. ಮುಖ್ಯ ಪಾತ್ರಕ್ಕೆ ಬೇಕಾಗಿರುವುದು ಏನು, ಅದಕ್ಕೆ ಅಡ್ಡ ಬರುವುದು ಏನು, ತಿರುವುಗಳು ಆ ಪಾತ್ರದ ನಿರ್ಧಾರದಿಂದ ಹುಟ್ಟುತ್ತವೆಯೋ ಅಥವಾ ಆಕಸ್ಮಿಕದಿಂದಲೋ ಎಂಬ ಮೂರು ಪ್ರಶ್ನೆಗಳಿಂದ ಚಿತ್ರಕಥೆಯ ಗಟ್ಟಿತನ ಬಹುಮಟ್ಟಿಗೆ ಗೊತ್ತಾಗುತ್ತದೆ. ಆಕಸ್ಮಿಕವೊಂದು ಪಾತ್ರವನ್ನು ಸಂಕಟಕ್ಕೆ ತಳ್ಳಿದರೆ ನಾವು ಒಪ್ಪಿಕೊಳ್ಳುತ್ತೇವೆ. ಅದೇ ಆಕಸ್ಮಿಕ ಸಂಕಟದಿಂದ ಪಾರುಮಾಡಿದರೆ ಮೋಸಹೋದಂತೆ ಅನಿಸುತ್ತದೆ. ಕೊನೆಯ ಹೋರಾಟದ ವೇಳೆಗೆ ಸರಿಯಾಗಿ ಪೊಲೀಸರು ಬಂದಿಳಿದಾಗ ನಿಮಗೆ ಕಸಿವಿಸಿಯಾಗಿದ್ದರೆ ಅದರ ಕಾರಣ ಇದೇ, ಅದನ್ನು ಹೀಗೆಯೇ ಬರೆಯಿರಿ.

ಅಚ್ಚರಿಗೂ ಆತಂಕಕ್ಕೂ ಇರುವ ವ್ಯತ್ಯಾಸವನ್ನು ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ವಿವರಿಸಿದ ಬಗೆ ಪ್ರೇಕ್ಷಕರಿಗೂ ಉಪಯುಕ್ತ. ಇಬ್ಬರು ಮಾತಾಡುತ್ತಿರುವ ಮೇಜಿನ ಕೆಳಗೆ ಬಾಂಬಿದೆ. ಅದು ಪ್ರೇಕ್ಷಕರಿಗೆ ತಿಳಿಯದೆಯೇ ಸಿಡಿದರೆ ಹದಿನೈದು ಸೆಕೆಂಡಿನ ಅಚ್ಚರಿ ದೊರೆಯುತ್ತದೆ. ಬಾಂಬಿರುವುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಅದೇ ಸಪ್ಪೆ ಮಾತುಕತೆ ಹದಿನೈದು ನಿಮಿಷದ ಆತಂಕವಾಗುತ್ತದೆ. ಇತ್ತೀಚಿನ ರೋಚಕ ಚಿತ್ರಗಳಲ್ಲಿ ಅನೇಕವು ಮೊದಲನೆಯದನ್ನೇ ನೆಚ್ಚಿಕೊಂಡು ಒಂದರ ಮೇಲೊಂದು ತಿರುವು ಪೇರಿಸುತ್ತವೆ, ಎಂಬುದು ನನ್ನ ಖಚಿತ ಅಭಿಪ್ರಾಯ. ತಿರುವಿನ ಗುಟ್ಟು ಬಯಲಾದ ಮೇಲೂ ಮೊದಲಿನ ದೃಶ್ಯಗಳು ಹೊಸ ಅರ್ಥ ಪಡೆದು ನಿಲ್ಲುತ್ತವೆಯೇ ಎಂದು ಹಿಂತಿರುಗಿ ನೋಡಿದರೆ, ಪ್ರಾಮಾಣಿಕ ತಿರುವು ಯಾವುದು, ಪ್ರೇಕ್ಷಕರಿಂದ ಸುಮ್ಮನೆ ಮುಚ್ಚಿಟ್ಟದ್ದು ಯಾವುದು ಎಂಬುದು ಬೇರೆಯಾಗುತ್ತದೆ.

ಇನ್ನು ‘ಎಳೆದಿದ್ದಾರೆ’ ಎಂಬ ದೂರು. ಮೂರು ಗಂಟೆಯ ಚಿತ್ರ ಸರ್ರನೆ ಸರಿದುಹೋಗುವುದುಂಟು, ತೊಂಬತ್ತು ನಿಮಿಷದ್ದು ಯುಗದಂತೆ ಕಳೆಯುವುದೂ ಉಂಟು. ಆದ್ದರಿಂದ ಗಡಿಯಾರವನ್ನು ದೂರಬೇಡಿ. ನಿಮ್ಮ ಗಮನ ಜಾರಿದ ದೃಶ್ಯವನ್ನು ಗುರುತಿಸಿ, ಅಲ್ಲಿ ಏನು ನಡೆದಿತ್ತು ಎಂದು ಕೇಳಿ. ನಮಗೆ ಆಗಲೇ ಗೊತ್ತಿದ್ದ ಸಂಗತಿಯನ್ನು ಪಾತ್ರಗಳು ಪರಸ್ಪರ ಹೇಳಿಕೊಳ್ಳುತ್ತಿದ್ದವೇ? ದೃಶ್ಯದ ಆರಂಭದಲ್ಲಿದ್ದ ಪರಿಸ್ಥಿತಿಯೇ ಅದರ ಅಂತ್ಯದಲ್ಲೂ ಇತ್ತೇ? ಕಥೆಯ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಚಿತ್ರ ಮುಂದುವರಿಯಿತೇ? ಈ ಮೂರರಲ್ಲಿ ಒಂದು ಕಾರಣ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ, ಆ ನಿಧಾನ ನಿರ್ದೇಶಕರ ಉದ್ದೇಶವೇ ಆಗಿದ್ದಿರಬಹುದೆಂಬ ಸಾಧ್ಯತೆಯನ್ನು ತೆರೆದಿಡಿ.

ಛಾಯಾಗ್ರಹಣವನ್ನು ‘ಕಣ್ಣಿಗೆ ಹಬ್ಬ’ ಎಂದು ಬರೆದು ಮುಗಿಸಬೇಡಿ. ಕ್ಯಾಮೆರಾ ಯಾರ ಪಕ್ಕದಲ್ಲಿ ನಿಲ್ಲುತ್ತದೆ, ಯಾರನ್ನು ದೂರದಿಂದ ನೋಡುತ್ತದೆ ಎಂದು ಗಮನಿಸಿದರೆ ಸಾಕು, ಬರೆಯಲು ಬೇಕಾದಷ್ಟು ಸಿಗುತ್ತದೆ. ಸಂಗೀತದ ಮಟ್ಟಿಗೆ ಕೇಳಬೇಕಾದದ್ದು ಒಂದೇ: ದೃಶ್ಯದಲ್ಲಿ ಇಲ್ಲದ ಭಾವವನ್ನು ಅದು ಸಾಲ ತರುತ್ತಿದೆಯೇ?

ಚಿತ್ರದ ಹೊರಗಿನ ಗದ್ದಲ

ಗಳಿಕೆಯ ಲೆಕ್ಕವನ್ನು ಅಭಿಪ್ರಾಯದೊಳಗೆ ತರಬಾರದು. ಮೊದಲ ಮೂರು ದಿನಗಳ ಗಳಿಕೆಯಲ್ಲಿ ಪ್ರಚಾರದ ಬಲ, ತಾರೆಯ ಹೆಸರು, ತೆರೆಗಳ ಸಂಖ್ಯೆ ಇವೇ ಮುಖ್ಯವಾಗಿ ಕಾಣುತ್ತವೆ. ಚಿತ್ರವನ್ನು ನೋಡಿದವರು ಬೇರೆಯವರಿಗೆ ಏನು ಹೇಳಿದರೆಂಬುದು ಎರಡನೆಯ ವಾರದಲ್ಲಿ ಗಳಿಕೆ ಎಷ್ಟು ಕುಸಿಯಿತು ಎಂಬುದರಲ್ಲಿ ಗೊತ್ತಾಗುತ್ತದೆ. ಪ್ರಕಟವಾಗುವ ಒಟ್ಟು ಗಳಿಕೆಯಲ್ಲಿ ಚಿತ್ರಮಂದಿರದವರ ಪಾಲೂ ಸೇರಿರುತ್ತದೆ, ಪ್ರಕಟವಾಗುವ ನಿರ್ಮಾಣ ವೆಚ್ಚದಲ್ಲಿ ಪ್ರಚಾರದ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಇಷ್ಟು ಮಸುಕಾದ ಅಂಕಿಗಳಿಂದ ಲಾಭನಷ್ಟವನ್ನೇ ನಿಖರವಾಗಿ ಹೇಳುವುದು ಕಷ್ಟವಾಗಿರುವಾಗ, ಗುಣವನ್ನು ಹೇಳುವುದು ದೂರದ ಮಾತು.

ಅಭಿಮಾನಿಗಳ ನಡುವಿನ ಕಾದಾಟ ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಒಬ್ಬ ತಾರೆಯ ಚಿತ್ರವನ್ನು ಇನ್ನೊಬ್ಬ ತಾರೆಯ ಅಭಿಮಾನಿಗಳು ನೋಡದೆಯೇ ಕೆಳಗಿಳಿಸುವುದೂ, ನೋಡದೆಯೇ ಮೇಲೇರಿಸುವುದೂ ಎಲ್ಲ ಭಾಷೆಗಳ ಚಿತ್ರರಂಗಗಳಲ್ಲೂ ನಡೆಯುತ್ತಿದೆ. ನೀವು ಯಾರದೋ ಅಭಿಮಾನಿಯಾಗಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಮೊದಲೇ ಹೇಳಿಬಿಡಿ, ಓದುಗರು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ. ಚಿತ್ರದ ವಿಚಾರಧಾರೆಯ ಬಗ್ಗೆ ನಿಮಗೆ ಆಕ್ಷೇಪವಿದ್ದಾಗಲಂತೂ ಎರಡು ಮಾತುಗಳನ್ನು ಕಲೆಸಬಾರದು: ಚಿತ್ರ ತಾನು ಹೇಳಬೇಕೆಂದುಕೊಂಡದ್ದನ್ನು ಎಷ್ಟು ಸಮರ್ಥವಾಗಿ ಹೇಳಿದೆ ಎಂಬುದು ಒಂದು, ಹಾಗೆ ಹೇಳಿದ್ದನ್ನು ನೀವು ಏಕೆ ಒಪ್ಪುವುದಿಲ್ಲ ಎಂಬುದು ಇನ್ನೊಂದು. ಸಮರ್ಥವಾಗಿ ಮಾಡಿದ ಚಿತ್ರದ ನಿಲುವನ್ನು ವಿರೋಧಿಸುವುದಕ್ಕೆ ನಿಮಗೆ ಪೂರ್ಣ ಹಕ್ಕಿದೆ, ಮತ್ತು ಆ ವಿರೋಧಕ್ಕೆ ಹೆಚ್ಚು ಬಲವೂ ಇರುತ್ತದೆ.

ಬರೆಯುವುದು

ಒಂದು ಕಾಲ್ಪನಿಕ ದೃಶ್ಯವನ್ನು ತೆಗೆದುಕೊಳ್ಳೋಣ. ತಂದೆಯ ಸಾವಿನ ಸುದ್ದಿ ಮಗಳಿಗೆ ಫೋನಿನಲ್ಲಿ ತಿಳಿಯುತ್ತದೆ. ಇದನ್ನು ನೋಡಿ ಬಂದವರು ‘ನಾಯಕಿಯ ಅಭಿನಯ ಮನಮುಟ್ಟುವಂತಿದೆ, ಆದರೆ ಹಿನ್ನೆಲೆ ಸಂಗೀತ ಅಷ್ಟಕ್ಕಷ್ಟೆ’ ಎಂದು ಬರೆಯಬಹುದು. ಅದೇ ಅಭಿಪ್ರಾಯವನ್ನು ಹೀಗೂ ಬರೆಯಬಹುದು: ‘ಸುದ್ದಿ ಕೇಳಿದ ಮೇಲೂ ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸುವುದಿಲ್ಲ. ಕ್ಯಾಮೆರಾ ಅವಳ ಬೆನ್ನ ಹಿಂದೆಯೇ ಇರುವುದರಿಂದ ನಮಗೆ ಮುಖ ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ, ಮತ್ತು ಆ ಕೈಗಳು ಒಂದೇ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತವೆ. ಅಷ್ಟರಲ್ಲಿ ಪಿಟೀಲುಗಳು ಶುರುವಾಗಿ, ನಾವು ಆಗಲೇ ಅರಿತಿದ್ದ ದುಃಖವನ್ನು ನಮಗೆ ವಿವರಿಸತೊಡಗುತ್ತವೆ.’ ಎರಡನೆಯದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ, ಒಂದೂ ತೆಗಳಿಕೆಯ ಪದವಿಲ್ಲ. ಆದರೂ ನಟಿಯ ಬಗ್ಗೆ, ನಿರ್ದೇಶಕರ ಬಗ್ಗೆ, ಸಂಗೀತದ ಬಗ್ಗೆ ನಿಮ್ಮ ತೀರ್ಪೇನೆಂಬುದು ಓದುಗನಿಗೆ ಪೂರ್ತಿ ತಿಳಿಯುತ್ತದೆ. ಸಂಗೀತವಿದ್ದರೇ ಚೆನ್ನ ಎನ್ನುವ ಓದುಗನಿಗೆ, ತಾನು ಈ ಚಿತ್ರಕ್ಕೆ ಹೋಗಬಹುದೆಂಬುದೂ ತಿಳಿಯುತ್ತದೆ.

ಇಡೀ ಬರಹಕ್ಕೆ ಇಂಥ ಎರಡು ದೃಶ್ಯಗಳು ಸಾಕು, ಒಂದು ನಿಮಗೆ ಹಿಡಿಸಿದ್ದು, ಇನ್ನೊಂದು ಹಿಡಿಸದ್ದು. ‘ಅದ್ಭುತ’, ‘ಅಮೋಘ’, ‘ಮೈನವಿರೇಳಿಸುವ’ ಎಂಬ ಪದಗಳನ್ನು ಬರೆದ ಕಡೆಯಲ್ಲೆಲ್ಲ ನಿಂತು, ಆ ಪದದ ಜಾಗದಲ್ಲಿ ನೀವು ಕಂಡದ್ದನ್ನೋ ಕೇಳಿದ್ದನ್ನೋ ಇಡಿ. ಎಲ್ಲವನ್ನೂ ನಿರ್ದೇಶಕರ ಹೆಸರಿಗೇ ಬರೆಯಬೇಡಿ. ಕೊನೆಯಲ್ಲಿ ಸರಿಯುವ ಹೆಸರುಗಳ ಪಟ್ಟಿ ಮುಗಿಯುವವರೆಗೆ ಕುಳಿತರೆ ಸಂಕಲನ ಯಾರದು, ಸಂಭಾಷಣೆ ಯಾರದು, ಧ್ವನಿ ವಿನ್ಯಾಸ ಯಾರದು ಎಂಬುದು ತಿಳಿಯುತ್ತದೆ, ಮೆಚ್ಚಿದ ಕೆಲಸಕ್ಕೆ ಸರಿಯಾದ ಹೆಸರು ಸೇರುತ್ತದೆ. ಹೆಸರುಗಳ ಕಾಗುಣಿತವನ್ನು ಎರಡು ಬಾರಿ ನೋಡಿಕೊಳ್ಳಿ.

ಗುಟ್ಟು ಬಿಟ್ಟುಕೊಡುವ ವಿಷಯದಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ಕಥೆಯ ಅಂತ್ಯ ಮೊದಲೇ ತಿಳಿದಿದ್ದರೂ ಓದಿನ ಸುಖ ಕುಗ್ಗುವುದಿಲ್ಲವೆಂದು 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಸಣ್ಣಕಥೆಗಳನ್ನು ಬಳಸಿ ತೋರಿಸಿತು. ಅನಂತರದ ಕೆಲವು ಅಧ್ಯಯನಗಳು ಅದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿವೆ. ನನ್ನ ಮಟ್ಟಿಗೆ ಇದು ಸುಖದ ಪ್ರಶ್ನೆಗಿಂತ ಸೌಜನ್ಯದ ಪ್ರಶ್ನೆ: ಗುಟ್ಟನ್ನು ಮೊದಲೇ ತಿಳಿಯಬೇಕೋ ಬೇಡವೋ ಎಂಬುದನ್ನು ಓದುಗನೇ ನಿರ್ಧರಿಸಲಿ. ಟ್ರೇಲರಿನಲ್ಲಿ ಬಂದಿರುವುದನ್ನೂ ಚಿತ್ರದ ಮೊದಲ ಕಾಲುಭಾಗದಲ್ಲಿ ನಡೆಯುವುದನ್ನೂ ಧಾರಾಳವಾಗಿ ಹೇಳಬಹುದು. ಅದರಾಚೆಗಿನ ತಿರುವನ್ನು ಚರ್ಚಿಸಲೇಬೇಕಾದರೆ ಎಚ್ಚರಿಕೆಯ ಸಾಲೊಂದನ್ನು ಮೊದಲು ಬರೆದು, ಆ ಭಾಗವನ್ನು ಪ್ರತ್ಯೇಕವಾಗಿ ಕೊನೆಗೆ ಇಡಿ. ‘ಕೊನೆಯಲ್ಲಿ ಊಹಿಸಲಾಗದ ತಿರುವಿದೆ’ ಎಂದು ಬರೆಯುವುದೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಅದನ್ನು ಓದಿದವನು ಚಿತ್ರದುದ್ದಕ್ಕೂ ಆ ತಿರುವನ್ನೇ ಹುಡುಕುತ್ತಾನೆ.

ನಕ್ಷತ್ರಗಳನ್ನು ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ಬರೆದು ಮುಗಿಸಿದ ಮೇಲೆ ಕೊಡಿ. ಮೊದಲೇ ಮೂರೂವರೆ ಎಂದು ನಿಶ್ಚಯಿಸಿದರೆ ಉಳಿದ ಬರಹವೆಲ್ಲ ಆ ಮೂರೂವರೆಗೆ ಸಮರ್ಥನೆ ಹುಡುಕುವ ಕೆಲಸವಾಗಿಬಿಡುತ್ತದೆ.

ಚಿತ್ರವನ್ನು ಎರಡನೆಯ ಬಾರಿ ನೋಡಬೇಕೇ ಎಂಬುದು ಅವರವರಿಗೆ ಬಿಟ್ಟದ್ದು. ‘ದಿ ನ್ಯೂಯಾರ್ಕರ್’ ಪತ್ರಿಕೆಯ ಪ್ರಸಿದ್ಧ ವಿಮರ್ಶಕಿ ಪಾಲಿನ್ ಕೇಲ್ ಒಂದು ಚಿತ್ರವನ್ನು ಸಾಮಾನ್ಯವಾಗಿ ಒಂದೇ ಸಲ ನೋಡಿ ಬರೆಯುತ್ತಿದ್ದರು, ಮೊದಲ ನೋಟದ ತೀವ್ರತೆಯೇ ಅವರ ಬರಹದ ಜೀವಾಳವಾಗಿತ್ತು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ನಿಮ್ಮನ್ನು ಗೊಂದಲಕ್ಕೆ ಕೆಡವಿದ ಚಿತ್ರವನ್ನಾದರೂ ಕೆಲವು ವಾರಗಳ ನಂತರ, ಪ್ರಚಾರದ ಗದ್ದಲ ಅಡಗಿದ ಮೇಲೆ, ಇನ್ನೊಮ್ಮೆ ನೋಡಿ. ಅಭಿಪ್ರಾಯ ಬದಲಾಗಿದ್ದರೆ ಹಳೆಯ ಬರಹವನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡು, ಅದರ ಕೆಳಗೆ ಹೊಸ ದಿನಾಂಕ ಹಾಕಿ, ಯಾವ ದೃಶ್ಯ ನಿಮ್ಮ ಮನಸ್ಸನ್ನು ಬದಲಾಯಿಸಿತು ಎಂಬುದನ್ನು ಬರೆಯಿರಿ. ಮೊದಲ ಬಾರಿ ಚಿತ್ರಮಂದಿರದಲ್ಲಿ ನೋಡಿ ಎರಡನೆಯ ಬಾರಿ ಮನೆಯಲ್ಲಿ ನೋಡಿದ್ದರೆ ಅದನ್ನೂ ಅಲ್ಲೇ ನಮೂದಿಸಿ.